ಸುಕ್ಕು ಗುಂಡು

ಡಿಸೆಂಬರ್ 8, ಸೋಮವಾರ

ಸೀಸ ಕರಗಿಸಿದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿಟ್ಟು — ಹೊಗೆ ಒಳಗೇ ನಿಂತರೆ ಸಂಜೆವರೆಗೂ ತಲೆ ಹಿಡೀತದೆ. ಮೊದಲ ಕೆಲವು ಗುಂಡು ಎಂದಿನಂತೆ ಸುಕ್ಕು. ಅಚ್ಚು ತಣ್ಣಗಿದ್ದರೆ ಸೀಸ ಸರಿಯಾಗಿ ಹರಿಯೋದಿಲ್ಲ, ಮುದುಕನ ಕೆನ್ನೆ ಹಾಗೆ ಮಡಿಕೆ ಬೀಳ್ತದೆ. ಮತ್ತೆ ಪಾತ್ರೆಗೇ ಹಾಕಿದೆ. ಆಮೇಲೆ ಬಂದವು ಚೆನ್ನ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಟೇಬಲ್ ಮೇಲೆ ಉರುಳಿಸಿದೆ, ನೆಟ್ಟಗೆ ಹೋದವು.

ಅಣ್ಣನಾಗಿದ್ದರೆ ಸುಕ್ಕಿನವನ್ನು ಕರಗಿಸ್ತಿರಲಿಲ್ಲ. ಬೇರೆ ಡಬ್ಬಿಗೆ ಹಾಕಿಡೋನು. ಖಾಲಿ ಬಿಯರ್ ಕ್ಯಾನಿಗೆ ಗುರಿಯಿಟ್ಟು ಹೊಡೆಯೋಕೆ. ನುಣುಪಾದವು ಮಾತ್ರ ಜಿಂಕೆಗೆ. ಜಿಂಕೆ ನಮಗೇನು ಅನ್ಯಾಯ ಮಾಡಿದೆ, ಅದಕ್ಕೆ ಒಳ್ಳೇದೇ ಕೊಡಬೇಕು ಅನ್ನೋನು. ಅಣ್ಣ ಎಲ್ಡನ್ ನನಗೆ ಗುರುವೂ ಹೌದು, ಜೀವ ತಿನ್ನೋನೂ ಹೌದು. ಅಕ್ಟೋಬರಿನಲ್ಲಿ ತೀರಿಹೋದ. ಇವತ್ತೂ ಸೀಸ ಹೊಯ್ಯುವಾಗ ಬೆನ್ನ ಹಿಂದೆ ನಿಂತು ಕೆಮ್ಮಿದ ಹಾಗಾಯ್ತು. ತಿರುಗಿ ನೋಡಲಿಲ್ಲ. ತಿರುಗಿದರೆ ಇರೋದಿಲ್ಲವಲ್ಲ.

ನನ್ನ ಕೋವಿಯ ಸ್ಪ್ರಿಂಗ್ ಮುರಿದಿದೆ. ಚಕಮಕಿ ಕಲ್ಲಿನ ಹಳೇ ಕೋವಿ, ಹೊಸ ಸ್ಪ್ರಿಂಗ್ ಬರೋದು ಜನವರಿಗಂತೆ. ಚಕಮಕಿ ಕೋವಿಯ ಬೇಟೆ ಶುರುವಾಗೋದು ಕ್ರಿಸ್‌ಮಸ್ ಮಾರನೇ ದಿನ. ಆರ್ಲೀನ್ ಅತ್ತಿಗೆ ಫೋನಿನಲ್ಲಿ ಅಂದಳು — ಎಲ್ಡನ್‌ನದು ಗೋಡೆ ಮೇಲೆ ಸುಮ್ಮನೆ ತೂಗ್ತಿದೆ, ತಗೊಂಡು ಹೋಗು. ಎರಡೂ ಅಪ್ಪನ ಕೈಯಲ್ಲೇ ಆದವು, ಎರಡಕ್ಕೂ ಒಂದೇ ಅಚ್ಚಿನ ಗುಂಡು. ನಾಳೆ ಹೋಗ್ತೀನಿ.

ಡಿಸೆಂಬರ್ 9, ಮಂಗಳವಾರ

ಹೋಗಬಾರದಿತ್ತು.

ಅತ್ತಿಗೆ ಸ್ಕ್ರ್ಯಾಪಲ್, ಹಂದಿಮಾಂಸದ ಬಿಲ್ಲೆ, ಹುರಿದಿದ್ದಳು. ತಿಂದೆ. ಅಡುಗೆಮನೆ ಬಾಗಿಲ ಮೇಲಿನ ಗೂಟದಿಂದ ಕೋವಿ ಇಳಿಸಿದೆ. ಅಭ್ಯಾಸಬಲ — ಕೈಗೆ ಬಂದ ಕೂಡಲೇ ಗುಂಡು ಕುಟ್ಟೋ ಗಜವನ್ನ ನಳಿಗೆಯೊಳಗೆ ಇಳಿಸಿ ನೋಡೋದು. ಅಪ್ಪ ಕಲಿಸಿದ್ದು. ಗಜದ ಕಡ್ಡಿ ಮೇಲೆ ಒಂದು ಗೆರೆ ಇದೆ. ಖಾಲಿ ನಳಿಗೆಯಾದರೆ ಆ ಗೆರೆ ಬಾಯಿಗೆ ಸಮನಾಗಿ ನಿಲ್ಲಬೇಕು.

ನಿಲ್ಲಲಿಲ್ಲ. ಎರಡು ಬೆರಳು ಮೇಲೇ ಉಳೀತು. ಮತ್ತೊಮ್ಮೆ ಇಳಿಸಿದೆ. ತಳದ ಉಕ್ಕಿಗೆ ತಾಗಿದರೆ ಠಣ್ ಅಂತದೆ. ಇದು ಮೆತ್ತಗೆ, ದಪ್ ಅಂತು.

ಕೋವಿ ತುಂಬಿದೆ. ಮದ್ದು, ಗುಂಡು ಎರಡೂ ಒಳಗಿವೆ.

ಅಣ್ಣ ಜನ್ಮದಲ್ಲೇ ತುಂಬಿದ ಕೋವಿಯನ್ನ ಹೊಸಿಲು ದಾಟಿಸಿದವನಲ್ಲ. ಬೇಟೆ ಸಿಗದ ಸಂಜೆ, ಹಿತ್ತಲ ಕೊರಡಿಗೆ ಹೊಡೆದು ಖಾಲಿ ಮಾಡಿಯೇ ಒಳಗೆ ಬರೋನು. ನನಗೆ ಈ ವಿಷಯಕ್ಕೆ ಎಷ್ಟು ಬೈದಿದ್ದಾನೋ ಲೆಕ್ಕ ಇಲ್ಲ.

ಮುಚ್ಚಿಡೋಣ ಅಂದುಕೊಂಡೆ. ಆದರೆ ಅತ್ತಿಗೆ ನಲವತ್ತು ವರ್ಷ ಈ ಗಜದ ಸದ್ದು ಕೇಳಿದವಳು. ಒಲೆ ಆರಿಸಿ ಬಂದು ಕೂತಳು. ಬೇಸಿಗೆವರೆಗೂ ಖಾಲಿ ಇತ್ತಂತೆ — ಜುಲೈನಲ್ಲಿ ಧೂಳು ಒರೆಸುವಾಗ ಅವನೇ ಗಜ ಇಳಿಸಿ ಠಣ್ ಅನ್ನಿಸಿ ತೋರಿಸಿದ್ದನಂತೆ. ಅಂದರೆ ಆಮೇಲೆ ತುಂಬಿದ್ದು. ಅವಳಿರುವಾಗ ಅಂತೂ ಅಲ್ಲ. ಅವಳು ಮನೆ ಬಿಟ್ಟು ಹೋಗಿದ್ದು ಒಂದೇ ವಾರ. ಎರಿ ಊರಲ್ಲಿರೋ ತಂಗಿ ಮನೆಗೆ, ಅಕ್ಟೋಬರಿನಲ್ಲಿ. ಆ ವಾರವೇ ಅಣ್ಣ ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೋದದ್ದು. ಹೃದಯ ನಿಂತಿದೆ ಅಂದ್ರು ಡಾಕ್ಟರು, ಅದರಲ್ಲಿ ಅನುಮಾನ ಇಲ್ಲ. ನಾನೇ ಮೊದಲು ನೋಡಿದವನು.

"ಹೋಗು ಹೋಗು ಅಂತ ಅವನೇ ಬಲವಂತ ಮಾಡಿ ಕಳಿಸಿದ" ಅಂದಳು. "ನಾನು ಬೇಡ ಅಂದೆ ಲೈಲ್. ಬೂಟಿನ ಲೇಸು ಕಟ್ಟಿಕೊಳ್ಳೋಕೂ ಆಗ್ತಿರಲಿಲ್ಲ ಅವನ ಬೆರಳಿಗೆ. ಹೇಗೆ ಬಿಟ್ಟು ಹೋಗಲಿ?"

ಆ ಒಂದು ವಾರ ಈ ಕೋವಿಯಲ್ಲಿ ಹೆಣ್ಣು ಜಿಂಕೆ ಬೇಟೆಗೆ ಪರವಾನಗಿ ಇತ್ತಲ್ಲ, ಅದಕ್ಕೇ ತುಂಬಿರಬೇಕು ಅಂದೆ. ಹಿತ್ತಲ ಸೇಬಿನ ಮರದ ಕೆಳಗೆ ಬರ್ತಾವೆ.

ಹಾಗಾದರೆ ಸರಿ ಅಂದಳು. ಆದರೆ ಮುಖ ಸರಿ ಅನ್ನಲಿಲ್ಲ. ಬಾಗಿಲವರೆಗೂ ಬಂದು ನನ್ನ ತೋಳು ಹಿಡಿದಳು.

"ಯಾರಿಗೆ ತುಂಬಿದ್ದು ಅಂತ ನನಗೆ ಗೊತ್ತಾಗಬೇಕು. ಜಿಂಕೆಗೋ, ತನಗೋ. ನನ್ನನ್ನ ಅದಕ್ಕೇ ಕಳಿಸಿದ್ದನಾ?"

ಅದೇ ದಿನ, ಸಂಜೆ

ಕೋವಿ ನನ್ನ ಅಡುಗೆಮನೆ ಮೂಲೆಯಲ್ಲಿ ನಿಂತಿದೆ. ಗೋಡೆ ಕಡೆ ಬಾಯಿ. ನಾನು ಅದಕ್ಕೆ ಬೆನ್ನು ಹಾಕಿ ಸೂಪ್ ಕುಡಿದೆ. ಆಮೇಲೆ ಮುಖ ಮಾಡಿ ಕೂತೆ. ಬೆನ್ನು ಹಾಕೋದೇ ಕಷ್ಟ.

ಡಿಸೆಂಬರ್ 11, ಗುರುವಾರ

ಡಾರಿಲ್‌ನ ಕೋವಿ ಅಂಗಡಿ. ಹೊಸ ಗುಂಡು ಕೊಳ್ಳೋ ನೆಪ. ನೆಪ ಅಂತಲೂ ಅಲ್ಲ, ನನ್ನ ಕಣ್ಣು ಮಂದ ಆಗಿದೆ. ಒಂದೇ ಏಟಿಗೆ ಕೆಡವೋ ಗುಂಡಿದ್ದರೆ ಒಳ್ಳೇದು. ಗಾಯಗೊಂಡ ಜಿಂಕೆ ಹುಡುಕ್ತಾ ಕಣಿವೆ ಇಳಿಯೋ ಮಂಡಿ ನನಗಿಲ್ಲ.

ಡಾರಿಲ್‌ಗೆ ಮಾತು ಅಂದ್ರೆ ಊಟ ಇದ್ದ ಹಾಗೆ. ಉದ್ದ ಮೂತಿಯ ಸೀಸದ ಗುಂಡು ತೋರಿಸಿದ. ಉರುಟು ಗುಂಡಿಗಿಂತ ಎರಡು ಪಟ್ಟು ತೂಕ, ಭುಜದ ಮೂಳೆ ಮುರಿದು ಆಚೆ ಹೋಗ್ತದಂತೆ. ಇನ್ನೊಂದು ತಾಮ್ರದ್ದು, ಪ್ಲಾಸ್ಟಿಕ್ ಬಟ್ಟಲಲ್ಲಿ ಕೂತಿದೆ, ಗೊಂಬೆ ಹಾಗೆ. ಬೆಲೆ ಕೇಳಿ ವಾಪಸ್ ಇಟ್ಟೆ. ಅಣ್ಣನ ನಳಿಗೆ ಒಳಗಿನ ಸುರುಳಿ ಗೀರಿನ ತಿರುವು ನಿಧಾನದ್ದು, ಉರುಟು ಗುಂಡಿಗೇ ಮಾಡಿದ್ದು, ಉದ್ದದ್ದು ಅಡ್ಡಡ್ಡ ಹಾರೀತು ಅಂದೆ. ಹೊಡೆದು ನೋಡದೆ ಮಾತಾಡಬೇಡ ಅಂದ. ಒಂದು ಡಬ್ಬಿ ಕೊಟ್ಟ. ನಿಮ್ಮಣ್ಣನ ಹಾಗೇ ಆಡ್ತೀಯ, ಅವನೂ ಹೊಸದು ಅಂದ್ರೆ ಮೂಗು ಮುರೀತಿದ್ದ ಅಂತ ನಕ್ಕ. ನಗು ಅರ್ಧಕ್ಕೇ ನಿಂತಿತು. ಊರಲ್ಲಿ ಎಲ್ಲರ ನಗುವೂ ಈಗ ನನ್ನೆದುರು ಅರ್ಧಕ್ಕೇ ನಿಲ್ತದೆ.

ತುಂಬಿದ ಗುಂಡನ್ನ ಹೊಡೆಯದೆ ತೆಗೆಯೋದು ಹೇಗೆ ಅಂತ ಕೇಳಿದೆ, ಯಾರೋ ಸ್ನೇಹಿತನಿಗೆ ಅಂತ. ಸ್ಕ್ರೂ ಹಾಕಿ ಎಳೆದರೆ ಗುಂಡು ಹಾಳು ಅಂದ. ಗ್ಯಾಸಿನ ಪುಟ್ಟ ಸಾಧನ ಕೊಟ್ಟ. ಕೋವಿಯ ಕಿವಿಗೆ, ಅಂದರೆ ಮದ್ದಿಗೆ ಕಿಡಿ ಹೋಗೋ ಪಕ್ಕದ ತೂತಿಗೆ, ಒತ್ತಿ ಹಿಡಿದರೆ ಒಳಗಿನದೆಲ್ಲ ಇಡಿಯಾಗಿ ಹೊರಗೆ ಬರ್ತದಂತೆ. ಸ್ನೇಹಿತ ಯಾರು ಅಂತ ಅವನು ಕೇಳಲಿಲ್ಲ.

ಡಿಸೆಂಬರ್ 15, ಸೋಮವಾರ

ಇನ್ನೂ ತೆಗೆದಿಲ್ಲ. ಸಾಧನ ಟೇಬಲ್ ಮೇಲಿದೆ. ಕೋವಿ ಮೂಲೆಯಲ್ಲಿದೆ. ನಾನು ನಡುವೆ ಓಡಾಡ್ತೀನಿ.

ಹಿತ್ತಲಿಗೆ ಹೋಗಿ ಕೊರಡಿಗೆ ಹೊಡೆದುಬಿಟ್ಟರೆ ಮುಗೀತು. ಹೊಗೆ ಹೋಗ್ತದೆ, ಪ್ರಶ್ನೆಯೂ ಹೋಗ್ತದೆ. ನಿನ್ನೆ ಬಾಗಿಲವರೆಗೂ ಹೋದೆ. ಅಣ್ಣನ ಕೈ ಇಟ್ಟ ಕೊನೇ ಗುಂಡು ಅದು. ಹೊಡೆಯೋಕೆ ಮನಸ್ಸು ಬರಲಿಲ್ಲ.

ಮತ್ತೆ, ಹೊಡೆದರೆ ಗೊತ್ತಾಗೋದಿಲ್ಲ. ತೆಗೆದರೆ ಗೊತ್ತಾಗ್ತದೆ. ಅದೇ ಹೆದರಿಕೆ.

ಯಾಕೆಂದರೆ ಗುಂಡಿಗೆ ಸುತ್ತೋ ಬಟ್ಟೆ ಸುಳ್ಳು ಹೇಳೋದಿಲ್ಲ. ಬೇಟೆಗೆ ತುಂಬಿದರೆ ಬಟ್ಟೆಗೆ ಕುರಿಕೊಬ್ಬು ಸವರ್ತೀವಿ. ಎಷ್ಟು ಹೊತ್ತು ಒಳಗಿದ್ದರೂ ನಳಿಗೆ ತುಕ್ಕು ಹಿಡಿಯೋದಿಲ್ಲ. ತಕ್ಷಣ ಹೊಡೆಯೋದಾದರೆ ಕೊಬ್ಬು ಯಾಕೆ, ಬಾಯಲ್ಲಿ ನೆನೆಸಿದರೆ ಸಾಕು. ಕೊಬ್ಬು ಅಂದರೆ ಕಾಯುವವನು. ಉಗುಳು ಅಂದರೆ ಕಾಯದವನು. ಅಪ್ಪನ ಕಾಲದಿಂದ ಹೀಗೇ.

ಅತ್ತಿಗೆ ಫೋನ್ ಮಾಡಿದಳು. ಚರ್ಚಿಗೆ ಹೋಗೋದು ಬಿಟ್ಟಿದ್ದಾಳಂತೆ. ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳೋಕೆ ಹೋದರೆ ಬಸ್ ನಿಲ್ದಾಣ ಕಣ್ಣಿಗೆ ಬರ್ತದಂತೆ — ಅವಳನ್ನ ಹತ್ತಿಸಿ ಅಣ್ಣ ಕೈ ಬೀಸಿದ್ದು. ತುಂಬಾ ಹೊತ್ತು ಬೀಸಿದನಂತೆ. ಅವನು ಕೈ ಬೀಸೋ ಜಾತಿಯೇ ಅಲ್ಲ. ನಾಳೆ ತೆಗೀತೀನಿ ಅಂದೆ.

ಡಿಸೆಂಬರ್ 16, ಮಂಗಳವಾರ

ಬಕೆಟ್ಟಿಗೆ ಹಳೇ ಟವೆಲ್ ತುಂಬಿ ನಳಿಗೆಯ ಬಾಯಿ ಅದರೊಳಗೆ ಇಟ್ಟೆ. ಸಾಧನ ಒತ್ತಿದೆ. ಬುಸ್ ಅಂತು, ಆಮೇಲೆ ದಪ್ಪನೆ ಬಿತ್ತು. ಅಷ್ಟೆ. ಇಷ್ಟು ದಿನ ಹೆದರಿದ್ದಕ್ಕೆ ಇಷ್ಟೇ ಸದ್ದಾ ಅನ್ನಿಸ್ತು.

ಬಟ್ಟೆ ಒಣಗಿ ಬಿರುಸಾಗಿದೆ. ಅಂಚಿನಲ್ಲಿ ಕೆಂಪು ತುಕ್ಕು. ಮೂಗಿಗೆ ಹಿಡಿದೆ. ಕೊಬ್ಬಿನ ವಾಸನೆ ಒಂಚೂರೂ ಇಲ್ಲ.

ಉಗುಳು.

ಗುಂಡು ಟವೆಲಿನ ಮಡಿಕೆಯಲ್ಲಿತ್ತು. ಕೈಗೆ ತಗೊಂಡ ಕೂಡಲೇ ಗೊತ್ತಾಯ್ತು. ಕಿಟಕಿ ಹತ್ತಿರ ಒಯ್ದು ಮತ್ತೆ ನೋಡಿದೆ. ಒಂದು ಪಕ್ಕ ಪೂರ್ತಿ ಮಡಿಕೆ. ಸುಕ್ಕು ಗುಂಡು. ಕ್ಯಾನಿಗೆ ಹೊಡೆಯೋದು.

ಅಯ್ಯೋ ಅಣ್ಣಾ. ಜಿಂಕೆಗೆ ಸುಕ್ಕು ಗುಂಡು ಹಾಕೋನಲ್ಲ ನೀನು. ಯಾರಿಗೆ ಹಾಕಿದೆ ಹಾಗಾದರೆ? ನಿನಗೆ ನೀನೇ ಖರ್ಚು ಮಾಡೋಕೆ ಒಳ್ಳೇದು ದಂಡ ಅನ್ನಿಸ್ತಾ?

ನೆಲದ ಮೇಲೇ ಕೂತುಬಿಟ್ಟೆ. ಅತ್ತೆ. ಅಪ್ಪ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಡಿಸೆಂಬರ್ 17, ಬುಧವಾರ

ಕೆಲಸ ಬೇಕಿತ್ತು ಕೈಗೆ. ನಳಿಗೆ ತೊಳೆದು ಕೋವಿ ಹೊಡೆದು ನೋಡಿದೆ. ಡಾರಿಲ್‌ನ ಉದ್ದ ಗುಂಡು ಅಂದುಕೊಂಡ ಹಾಗೇ — ಕಾಗದಕ್ಕೆ ಅಡ್ಡ ಬಿದ್ದು ಬೀಗದ ಕೈ ತೂತಿನ ಹಾಗೆ ಹರೀತು. ಮೂರೂ ಮೂರು ದಿಕ್ಕಿಗೆ. ನನ್ನ ಉರುಟು ಗುಂಡು, ಹಾಸಿಗೆ ಬಟ್ಟೆಯ ಪಟ್ಟಿ, ಕೊಬ್ಬು — ಮೂರು ಏಟೂ ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ. ಅಪ್ಪನಿಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿತ್ತು. ಗುಂಡಿನ ಆಯ್ಕೆ ಅಲ್ಲಿಗೆ ಮುಗೀತು.

ಇನ್ನೊಂದು ಆಯ್ಕೆಯೂ ಮಾಡಿದೆ. ಒಂದು ನುಣುಪು ಗುಂಡು ತಗೊಂಡೆ. ಬಟ್ಟೆಗೆ ನನ್ನ ಡಬ್ಬಿಯ ಕೊಬ್ಬು ಸವರಿದೆ. ತುಂಬಿ, ಗಜದಿಂದ ಕುಟ್ಟಿ, ಮತ್ತೆ ಗ್ಯಾಸ್ ಹಾಕಿ ತೆಗೆದೆ. ಮಸಿ ಹಿಡಿದ ಬಟ್ಟೆ, ನೂಲೆಳೆಯ ಗುರುತು ಬಿದ್ದ ಗುಂಡು. ಯಾರು ನೋಡಿದರೂ ಅಕ್ಟೋಬರಿಂದ ಒಳಗಿತ್ತು ಅನ್ನಬೇಕು. ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದೀನಿ. ನಿಜವಾದದ್ದು ಅಂಗಿ ಜೇಬಿನಲ್ಲಿ.

ತಪ್ಪಾ ಇದು? ಇರಲಿ. ಸತ್ತವನಿಗೆ ನಷ್ಟ ಇಲ್ಲ, ಬದುಕಿರೋಳು ನಿದ್ದೆ ಮಾಡಲಿ.

ಡಿಸೆಂಬರ್ 18, ಗುರುವಾರ

ಕಳ್ಳನ ಮನಸ್ಸು ಹುಳ್ಹುಳ್ಳಗೆ. ಅತ್ತಿಗೆ ಕೊಟ್ಟ ಕಾಫಿ ಪಕ್ಕಕ್ಕಿಟ್ಟೆ. ಕರವಸ್ತ್ರ ಬಿಚ್ಚಿ ತೋರಿಸಿದೆ. ನೋಡು, ಕೊಬ್ಬಿನ ಬಟ್ಟೆ, ಒಳ್ಳೇ ಗುಂಡು, ಜಿಂಕೆಗೇ ತುಂಬಿದ್ದು ಅಂದೆ. ಬಾಯಿಪಾಠದ ಹಾಗೆ ಬಂತು.

ಗುಂಡು ಮುಟ್ಟಲಿಲ್ಲ ಅವಳು. ಬಟ್ಟೆ ಎತ್ತಿ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದಳು. ಆಹಾ, ನಂಬಿದಳು ಅಂದುಕೊಂಡೆ ನಾನು, ಮೂರ್ಖ.

"ಇದು ನಿನ್ನ ಡಬ್ಬಿದು. ನೀನು ಜೇನುಮೇಣ ಬೆರೆಸ್ತೀಯ" ಅಂದಳು.

ನಾನು ಕರವಸ್ತ್ರ ಮಡಿಸತೊಡಗಿದೆ.

"ನಮ್ಮನೇಲಿ ಆಗಸ್ಟಿಂದ ಕೊಬ್ಬಿನ ಡಬ್ಬಿಯೇ ಇಲ್ಲ ಲೈಲ್. ಆ ವಾಸನೆಗೆ ಅವನಿಗೆ ಹೊಟ್ಟೆ ತೊಳೆಸ್ತಿತ್ತು. ನಾನೇ ಕಸಕ್ಕೆ ಹಾಕಿದೆ."

ಅಂದರೆ ಜಿಂಕೆಗೆ ತುಂಬಿದ್ದರೂ ಉಗುಳೇ ಗತಿ. ಆ ಉಗುಳಿಗೆ ಅರ್ಥವೇ ಇರಲಿಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದರೆ ಅವಳೇ ನಗ್ತಿದ್ದಳು, ಹೌದಲ್ಲಾ ಕೊಬ್ಬಿರಲಿಲ್ಲ ಅಂತ. ಸುಳ್ಳು ಹೇಳಿ ಕೆಡಿಸಿದೆ.

"ನೀನು ಸುಳ್ಳು ಹೇಳಿದೆ ಅಂದ್ರೆ ನಿನಗೂ ಹಾಗೇ ಅನ್ನಿಸಿದೆ" ಅಂದಳು. ಸಿಟ್ಟು ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. "ಈಗ ಗುಂಡು ತೋರಿಸು. ನಿಜವಾದದ್ದು."

ಜೇಬಿನಿಂದ ತೆಗೆದು ಟೇಬಲ್ ಮೇಲೆ ಇಟ್ಟೆ. ಅದು ಉರುಳಿ, ಸುಕ್ಕಿನ ಕಡೆ ವಾಲಿ, ಉಪ್ಪಿನ ಡಬ್ಬಿಗೆ ತಾಗಿ ನಿಂತಿತು. ಅವಳಿಗೆ ವಿವರಿಸಬೇಕಾದ್ದು ಏನೂ ಇರಲಿಲ್ಲ. ಆ ಎರಡು ಡಬ್ಬಿ ಅವಳ ಅಡುಗೆಮನೆ ಕಪಾಟಿನಲ್ಲೇ ಅಕ್ಕಪಕ್ಕ ಇರೋದು, ಒಂದರಲ್ಲಿ ನುಣುಪು, ಒಂದರಲ್ಲಿ ಸುಕ್ಕು.

"ಹೊಸ ಸಾಕ್ಸ್ ತಂದ್ರೆ ಹಳೇದು ಹರಿಯೋವರೆಗೂ ಹಾಕ್ತಿರಲಿಲ್ಲ" ಅಂದಳು ಕೊನೆಗೆ. "ಒಳ್ಳೇದನ್ನ ತನಗೆ ಖರ್ಚು ಮಾಡೋನಲ್ಲ."

ತುಂಬಿದ್ದ, ಆದರೆ ಹೊಡೆಯಲಿಲ್ಲವಲ್ಲ, ವಾಪಸ್ ಗೂಟಕ್ಕೆ ಹಾಕಿದನಲ್ಲ ಅಂದೆ. ಅವಳು ತಲೆ ಆಡಿಸಿದಳು. ಕೇಳಿಸಿತೋ ಇಲ್ಲವೋ. ಗುಂಡನ್ನ ಎಪ್ರನ್ ಜೇಬಿಗೆ ಹಾಕಿಕೊಂಡಳು.

ಡಿಸೆಂಬರ್ 22

ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಟ್ರಕ್ ತಗೊಂಡು ಹೋದೆ. ಕಿಟಕಿಯಲ್ಲಿ ಕಾಣಿಸಿದಳು, ಅಣ್ಣನ ಕುರ್ಚಿಯಲ್ಲಿ. ಕೈ ಎತ್ತಿದೆ. ಅವಳೂ ಎತ್ತಿದಳು. ಬಾಗಿಲು ತೆಗೆಯಲಿಲ್ಲ.

ಡಿಸೆಂಬರ್ 25, ಗುರುವಾರ

ಕರೆದಳು, ದೊಡ್ಡ ಮನಸ್ಸು. ಹ್ಯಾಮ್, ಆಲೂಗಡ್ಡೆ, ಬಟಾಣಿ. ನನ್ನ ತಟ್ಟೆ ತುಂಬಿಸಿದಳು, ತನ್ನದರಲ್ಲಿ ಫೋರ್ಕ್ ಆಡಿಸಿದಳು. ಕೆನ್ನೆ ಒಳಗೆ ಹೋಗಿದೆ. ಮನೆ ಮಾರಿ ಎರಿಗೆ ಹೋಗ್ತಾಳಂತೆ. ತಂಗಿ ಮನೆಗೆ ಹೋಗೋದಕ್ಕೂ ಹೆದರಿಕೆ ಅಂದಳು — ಆ ಹಾಸಿಗೆಯಲ್ಲೇ ಮಲಗಿದ್ದೆ, ಅವನಿಲ್ಲಿ ಕೋವಿ ತುಂಬ್ತಿದ್ದಾಗ. ಪೈ ತಿಂದೆ.

ಹೊರಡುವಾಗ ಎಪ್ರನ್ ಜೇಬಿನಿಂದ ಆ ಗುಂಡು ತೆಗೆದು ನನ್ನ ಕೈಗೆ ಹಾಕಿದಳು. ಬೆಚ್ಚಗಿತ್ತು. ಇದನ್ನ ಮನೇಲಿ ಇಟ್ಟುಕೊಳ್ಳೋಕೆ ಆಗಲ್ಲ, ನಿನ್ನ ಸೀಸದ ಪಾತ್ರೆಗೆ ಹಾಕು ಅಂದಳು.

ಜೇಬಿಗೆ ಹಾಕಿದರೆ ತೊಡೆ ಸುಟ್ಟ ಹಾಗನ್ನಿಸ್ತು. ಟ್ರಕ್ಕಿನಲ್ಲಿ ನಾಳೆಗೆ ಅಂತ ಇಟ್ಟಿದ್ದ ಗುಂಡಿನ ಚೀಲಕ್ಕೆ ತುರುಕಿದೆ. ಬೇಟೆ ಮುಗಿಸಿ ಬಂದು ಕರಗಿಸಿದರಾಯ್ತು.

ಡಿಸೆಂಬರ್ 26, ಶುಕ್ರವಾರ. ಬೆಳಿಗ್ಗೆ

ಬೇಟೆಗೆ ಬಂದಾಗ ಅಣ್ಣ ಕೂರ್ತಿದ್ದ ಕಾಡಿನ ಕೊರಡಿನ ಮೇಲೆ ಕೂತಿದ್ದೀನಿ. ಓಕ್ ಮರಗಳ ನಡುವಿನ ದಿಬ್ಬ. ಪೆನ್ಸಿಲ್ ಹಿಡಿಯೋಕೇ ಬೆರಳು ಬರ್ತಿಲ್ಲ. ಮಬ್ಬಿನಲ್ಲೇ ಬಂದು ತುಂಬಿದೆ. ಎಂಥ ಚಳಿ ಅಂದ್ರೆ ಮದ್ದಿನ ಕೊಂಬು ಎರಡು ಸಲ ಕೈ ಜಾರಿತು.

ಈಗ ಬೆಳಕಾಗಿದೆ. ಎರಡನೇ ಗುಂಡು ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳೋಣ ಅಂತ ಚೀಲ ಬಿಚ್ಚಿದೆ. ಅಣ್ಣನದು ಮೇಲೇ ಇರಬೇಕಿತ್ತು. ಕಾಣಲಿಲ್ಲ. ಟೋಪಿಯೊಳಗೆ ಸುರಿದೆ. ಒಂದೊಂದಾಗಿ ತಿರುಗಿಸಿ ನೋಡಿದೆ. ಎಲ್ಲ ನುಣುಪು.

ಬಿದ್ದಿದ್ದರೆ ಹಿಮದಲ್ಲಿ ತೂತು ಇರಬೇಕು. ಕೊರಡಿನ ಸುತ್ತ ನೋಡಿದೆ. ನನ್ನ ಹೆಜ್ಜೆ ಬಿಟ್ಟರೆ ಏನೂ ಇಲ್ಲ. ಟ್ರಕ್ಕಿನಿಂದ ಇಲ್ಲಿವರೆಗೆ ಚೀಲ ಬಿಚ್ಚಿದ್ದು ಒಂದೇ ಸಲ. ತುಂಬುವಾಗ.

ನಳಿಗೆಯಲ್ಲಿದೆ.

ಸುಕ್ಕು ಗುಂಡು ನಾನೇ ಹಾಕಿದ್ದೀನಿ. ಕೈಗೆ ಸಿಕ್ಕಿದ್ದು ಹಾಕಿದೆ. ಬೆರಳು ಮರಗಟ್ಟಿತ್ತು, ಮಡಿಕೆ ಗೊತ್ತೇ ಆಗಲಿಲ್ಲ. ಮತ್ತೆ ಈಗ ನೆನಪಾಗ್ತಿದೆ — ಬಾಯಲ್ಲಿ ಬಟ್ಟೆಯ ರುಚಿ. ಕೊಬ್ಬಿನ ಡಬ್ಬಿ ಕಲ್ಲಾಗಿತ್ತು, ಮುಚ್ಚಳ ಬರಲಿಲ್ಲ, ಬಟ್ಟೆ ಪಟ್ಟಿಯನ್ನ ಬಾಯಲ್ಲಿ ಕಚ್ಚಿ ಹಿಡಿದು ಹಾಗೇ ಹಾಕಿದೆ. ಉಗುಳು. ಸುಕ್ಕು.

ಗುಂಡು ಆರಿಸೋಕೆ ಮೂರು ವಾರ ತಲೆ ಕೆಡಿಸಿಕೊಂಡವನು ನಾನು. ಸಾಯೋ ಯೋಚನೆ ಒಂದು ಸಾಸಿವೆಯಷ್ಟೂ ಇರಲಿಲ್ಲ. ಅತ್ತಿಗೆಗೆ ಒಂದು ತೊಡೆ ಮಾಂಸ ಕೊಡಬೇಕು ಅನ್ನೋದು ಬಿಟ್ಟರೆ ಬೇರೆ ಏನೂ ಇರಲಿಲ್ಲ ತಲೆಯಲ್ಲಿ.

ಅಣ್ಣನ ಬೆರಳು ಬೇಸಿಗೆಯಿಂದಲೇ ಹೀಗಿತ್ತು. ಲೇಸು ಕಟ್ಟೋಕೆ ಆಗದ ಬೆರಳು. ಅಕ್ಕಪಕ್ಕದ ಎರಡು ಡಬ್ಬಿ. ಸೇಬಿನ ಮರದ ಕೆಳಗೆ ಜಿಂಕೆ ಬಂದಿರಬಹುದು, ಎದ್ದು ತುಂಬಿರಬಹುದು. ಅದು ಹೋಗಿರಬಹುದು. ಹೊರಗೆ ಹೋಗಿ ಕೊರಡಿಗೆ ಹೊಡೆಯೋಕೆ ಉಸಿರು ಸಾಲದೆ ಗೂಟಕ್ಕೆ ಹಾಕಿ, ನಾಳೆ ನೋಡೋಣ ಅಂತ ಕೂತಿರಬಹುದು. ಹಾಗೆ ಆಗಿರದೇ ಇರಲೂಬಹುದು. ಯಾರಿಗೆ ಗೊತ್ತು. ಆದರೆ ಆಗೋದು ಸಾಧ್ಯ. ನನ್ನ ಕೈಯೇ ಸಾಕ್ಷಿ.

ಕೆಳಗೆ ಒಂದು ಹೆಣ್ಣು ಜಿಂಕೆ ಬಂದು ನಿಂತಿದೆ. ಹತ್ತಿರವೇ. ಓಕ್ ಕಾಯಿಗೆ ಹಿಮ ಕೆರೀತಿದೆ. ಒಳ್ಳೇ ಗುರಿ. ಹೊಡೆಯೋದಿಲ್ಲ. ಹೊಡೆದರೆ ಅವಳಿಗೆ ತೋರಿಸೋಕೆ ಏನಿರ್ತದೆ?

ಡಾರಿಲ್‌ನ ಸಾಧನ ಟ್ರಕ್ಕಿನಲ್ಲೇ ಇದೆ. ಅವಳ ಮನೆ ಮೆಟ್ಟಿಲ ಹತ್ತಿರ, ಅವಳ ಕಣ್ಣೆದುರೇ ತೆಗೀತೀನಿ. ಈ ಸಲ ನನ್ನ ಮಾತು ನಂಬೋದು ಬೇಡ. ಅವಳೇ ಬಟ್ಟೆ ಮೂಸಲಿ, ಅವಳೇ ಗುಂಡು ತಿರುಗಿಸಿ ನೋಡಲಿ.

ಜಿಂಕೆ ತಲೆ ಎತ್ತಿತು. ನೋಡ್ತಿದೆ. ಹೋಗವ್ವಾ, ನಿನ್ನ ಪಾಡಿಗೆ ತಿನ್ನು.

ಹೊರಟೆ. ಬಾಗಿಲು ತೆಗೆಯದಿದ್ದರೆ ಕಿಟಕಿಗೇ ಹೋಗಿ ಕೂಗ್ತೀನಿ. ಮೊದಲು ಏನು ಹೇಳೋದು? ಸುತ್ತು ಬಳಸೋದು ಬೇಡ. ನೇರ. ಆರ್ಲೀನ್, ನಾನೂ ಗೊತ್ತಿಲ್ಲದೆ ಸುಕ್ಕು ಗುಂಡೇ ತುಂಬಿದೆ.